ಓಣಿಯಲ್ಲಿ ಹಳೇ ನೀರು ಹುಡುಕಿದ್ದು

ಗಾಜಿನ ತೊಟ್ಟಿಯಲ್ಲಿ ಹೊಳೆ ಸಿದ್ಧವಾಗಿತ್ತು. ತಳಕ್ಕೆ ಮರಳು, ಒಂದು ಮಗ್ಗುಲಿಗೆ ನುಣುಪು ಕಲ್ಲುಗಳು, ಅವುಗಳ ಮೇಲೆ ಒರಗಿದ ಬೇರು, ಮೂಲೆಯಲ್ಲಿ ನೀರು ಹರಿಸುವ ಪುಟ್ಟ ಪಂಪು. ನೀರೊಂದೇ ಬಾಕಿ. ಅದನ್ನು ಹಿತ್ತಲಿನ ಬಕೆಟ್‌ಗಳಲ್ಲಿ ಕೆಲವು ದಿನಗಳಿಂದ ತೆರೆದಿಟ್ಟಿದ್ದೆ. ನಳದ ನೀರಿನ ಕ್ಲೋರಿನ್ ಮೀನಿಗೆ ವಿಷ, ತೆರೆದಿಟ್ಟರೆ ಹಾರಿಹೋಗುತ್ತದೆ.

ಅಂದು ಬೆಳಿಗ್ಗೆ ಅಮ್ಮಿನಬಾವಿಯ ಗೆಳೆಯ ಕೊಟ್ಟ ಹೊಳೆಮೀನುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬೈರಿದೇವರಕೊಪ್ಪದ ನಮ್ಮ ಮನೆಗೆ ಬಂದೆ. ಓಣಿಯಲ್ಲಿ ನಳ ಬಂದಿತ್ತು. ನಮ್ಮಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಪ್ರತಿ ಮನೆಯಲ್ಲೂ ಹಳೇದನ್ನು ಚೆಲ್ಲಿ, ಕೊಡ ತಿಕ್ಕಿ, ಹೊಸದು ತುಂಬುತ್ತಾರೆ. ಅವ್ವನೂ ಅದನ್ನೇ ಮಾಡಿದ್ದಳು.

"ನಿನ್ನ ಬಕೀಟ್ನ್ಯಾಗಿಂದೂ ಚೆಲ್ಲಿ ಹೊಸಾದು ತುಂಬೇನಿ ನೋಡು," ಎಂದಳು ಹೆಮ್ಮೆಯಿಂದ.

ಚೀಲ ಎತ್ತಿ ತೋರಿಸಿದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಹೊಸ ನೀರಿಗೆ ಬಿಟ್ಟರೆ ಸಾಯುತ್ತವೆ, ಚೀಲದಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ, ಕ್ಲೋರಿನ್ ಕಳೆಯುವ ಔಷಧಿ ಮಾರುವ ಅಂಗಡಿಗೆ ಇಂದು ರಜೆ ಎಂದೆ.

"ಮತ್ತ ಯಾಕ ನಿಂತೀ? ಓಣ್ಯಾಗ ಕೇಳ್ಕೊಂಡು ಬಾ!"

ಖಾಲಿ ಬಕೆಟ್ ಹಿಡಿದು ಪಕ್ಕದ ಮನೆ ಬಾಗಿಲಲ್ಲಿ ನಿಂತೆ. "ಕಾಕೂ, ಹಳೇ ನೀರಿದ್ರ ಕೊಡ್ರಿ."

"ಹಳೇದ? ನಮ್ಮ ಮನ್ಯಾಗ? ಏನಂತ ತಿಳ್ಕೊಂಡೀಯೋ ತಮ್ಮಾ ನಮ್ಮನ್ನ?"

ಆಚೆ ಮನೆಯವರು ಬಕೆಟ್ ತುಂಬ ಹೊಸ ನೀರು ಸುರಿದುಬಿಟ್ಟರು. ಬೇಡ ಎಂದದ್ದನ್ನು ಸಂಕೋಚವೆಂದುಕೊಂಡರು. ಎದುರುಮನೆಯ ಮೆಕ್ಯಾನಿಕ್ ಚಾಚಾ ಬಿದ್ದುಬಿದ್ದು ನಕ್ಕರು: "ಪೇಪರ್‌ನ್ಯಾಗ ಕೆಲಸ ಮಾಡೂವ್ರು ನೀವು. ಹಳೇ ನೀರು ಬೇಕಾಗೇತಿ ಅಂತ ಜಾಹೀರಾತು ಹಾಕ್ರಲಾ!" ತಮ್ಮಲ್ಲೂ ಇಲ್ಲವೆಂದು ಒಳಗಿನಿಂದ ಚಾಚಿ ಖಡಾಖಂಡಿತವಾಗಿ ಹೇಳಿದರು. ನಳ ಬಂದ ದಿನ ಹಳೇ ನೀರಿದೆ ಎಂದು ಒಪ್ಪಿಕೊಂಡರೆ ಮನೆಯ ಮಾನ ಹೋದಂತೆ.

ಹಳೇ ನೀರಿನ ಹನಿಯೂ ಸಿಗದೆ ಮರಳಿದೆ. ಒಂದು ಮೀನು ಆಗಲೇ ಓರೆಯಾಗಿತ್ತು. ಅದನ್ನು ನೋಡಿದ ಅವ್ವ ಸೆರಗು ಸಿಕ್ಕಿಸಿ ಓಣಿಯ ನಡುವೆ ನಿಂತಳು.

"ಕೇಳ್ರೆವ್ವಾ! ಹ್ವಾದ ಸಲ ನಳ ಬಂದಾಗ ನಾ ಹಂಡೆ ತೊಳದೇ ಇಲ್ಲ! ಹಳೇದರ ಮ್ಯಾಲೇ ಹೊಸಾದು ಬಿಟ್ಟೇನಿ! ನಿಮ್ಮಲ್ಲೂ ಇದ್ರ ಕೊಡ್ರಿ, ಮೀನಿನ ಜೀವ ಹೋಗ್ತಾವು!"

ಶುದ್ಧ ಸುಳ್ಳು. ನಮ್ಮ ಹಂಡೆಯಲ್ಲಿ ಮುಖ ನೋಡಿಕೊಳ್ಳಬಹುದು.

ತುಸು ಹೊತ್ತಿಗೆ ಪಕ್ಕದ ಮನೆ ಕಾಕು ಸೆರಗು ಮುಚ್ಚಿದ ಕೊಡದೊಂದಿಗೆ ಹಿತ್ತಲ ಬಾಗಿಲಿಗೆ ಬಂದರು. "ಇದು ನಮ್ಮದಲ್ಲಪಾ, ಬಾಡಿಗಿಯವ್ರದು." ಅವರ ಮನೆಗೆ ಬಾಡಿಗೆಯವರೇ ಇಲ್ಲ. ಅವರ ಹಿಂದೆ ಚಾಚಿ, ಅವರ ಹಿಂದೆ ಮತ್ತಿಬ್ಬರು, ಒಬ್ಬೊಬ್ಬರ ಕೊಡಕ್ಕೂ ಒಂದೊಂದು ನೆಪ. ಅವ್ವ ಎಲ್ಲಕ್ಕೂ ಗಂಭೀರವಾಗಿ ತಲೆಯಾಡಿಸಿದಳು. ನನಗೆ ನಗು ತಡೆಯಲಾಗದೆ ಅರ್ಧ ಕೊಡ ನೆಲಕ್ಕೇ ಹೋಯಿತು.

ತೊಟ್ಟಿ ತುಂಬಿತು, ಪಂಪು ತಿರುಗಿತು. ಚೀಲವನ್ನು ನೀರಿನ ಮೇಲೆ ತುಸು ಹೊತ್ತು ತೇಲಿಬಿಟ್ಟು, ಗಂಟು ಬಿಚ್ಚಿದೆ. ಓರೆಯಾಗಿದ್ದ ಮೀನು ಕಲ್ಲಿನಂತೆ ತಳ ಸೇರಿತು. ಕೊಡ ತಂದವರೆಲ್ಲ ತೊಟ್ಟಿಯ ಮೇಲೆ ಬಾಗಿದರು. ಅದು ಒಮ್ಮೆ ಕಿವಿರು ಅಲುಗಿಸಿ, ನೆಟ್ಟಗಾಗಿ, ಬಾಲ ಬಡಿದು ಹರಿವಿಗೆ ಎದುರಾಗಿ ಈಜಿತು.

"ನೋಡ್ರಿ, ನಮ್ಮ ಕೊಡದ ನೀರಿಗೇ ಎದ್ದು ಬಂತು!" ಎಂದು ಪಕ್ಕದ ಮನೆ ಕಾಕು ಚಪ್ಪಾಳೆ ತಟ್ಟಿದರು.