ಆಯಿಯ ಎರಡು ಸೊನ್ನೆ

ಸೂಜಿ ಚುಚ್ಚುವ ಮೊದಲು ಬಾಯೊಳಗೆ ಅಂಗುಳಕ್ಕೆ ಹಚ್ಚುವ ಎರಡು ಜೆಲ್‌ಗಳಲ್ಲಿ ಯಾವುದು ನೋವನ್ನು ಹೆಚ್ಚು ತಡೆಯುತ್ತದೆ ಎಂದು ಹೋಲಿಸುವುದು ನನ್ನ ಪ್ರಬಂಧದ ವಿಷಯವಾಗಿತ್ತು. ಒಂದು ಲಿಡೋಕೇನ್, ಇನ್ನೊಂದು ಬೆಂಜೋಕೇನ್. ವಿಜಯಪುರದಲ್ಲಿ ದಂತವೈದ್ಯಕೀಯದ ಸ್ನಾತಕೋತ್ತರ ಓದುತ್ತಿದ್ದ ದಿನಗಳು. ಬಲಕ್ಕೊಂದು, ಎಡಕ್ಕೊಂದು ಹಚ್ಚಿ, ಚುಚ್ಚಿ, ನಗುವ ಮುಖದಿಂದ ಅಳುವ ಮುಖದವರೆಗಿನ ಚಿತ್ರಗಳ ಹಾಳೆ ಹಿಡಿಯುತ್ತಿದ್ದೆ. ನೋವಿಲ್ಲದ ನಗುವ ಮುಖಕ್ಕೆ ಸೊನ್ನೆ, ಅಳುವ ಮುಖಕ್ಕೆ ಹತ್ತು; ರೋಗಿ ಯಾವ ಮುಖಕ್ಕೆ ಬೆರಳಿಡುತ್ತಾರೋ ಅದರ ಅಂಕ ಬರೆದುಕೊಳ್ಳಬೇಕು.

ಬಬಲೇಶ್ವರದಿಂದ ಬಂದ ಆಯಿಗೆ ಎರಡೂ ಕಡೆಯ ಹಲ್ಲು ಕೀಳಬೇಕಿತ್ತು. ನಾನು ಮೊಮ್ಮಗಳ ವಯಸ್ಸಿನವಳೆಂದು ಅವರು ಡಾಕ್ಟರ್ ಎನ್ನದೆ ಯವ್ವಾ ಎಂದೇ ಕರೆದರು. ಲಿಡೋಕೇನ್ ಹಚ್ಚಿದ ಕಡೆ ಚುಚ್ಚಿದಾಗ ಅಲುಗಾಡದೆ ಕೂತರು. ಬೆಂಜೋಕೇನ್ ಕಡೆ ಚುಚ್ಚಿದಾಗ ಕುರ್ಚಿಯ ಕೈ ಬಿಗಿಯಾಗಿ ಹಿಡಿದರು, ಕಣ್ಣೀರು ಕಿವಿಯವರೆಗೆ ಇಳಿಯಿತು. ಹಾಳೆ ಹಿಡಿದರೆ ಎರಡೂ ಸಲ ನಗುವ ಮುಖಕ್ಕೇ ಬೆರಳು.

"ಏನೂ ಆಗಿಲ್ಲ, ಬರಕೋ ಯವ್ವಾ."

ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಹೇಳಿದ್ದರು. ಇನ್ನೊಮ್ಮೆ ಕೇಳಬಹುದಿತ್ತು, ಕೇಳಲಿಲ್ಲ. ಅಂದೇ ಇನ್ನೂ ನಾಲ್ವರನ್ನು ಮುಗಿಸುವ ಅವಸರ ನನ್ನದು. ರೋಗಿ ಹೇಳಿದ್ದನ್ನೇ ಬರೆಯಬೇಕೆಂಬ ನಿಯಮ ಹೇಗೂ ಇತ್ತಲ್ಲ, ಅದರ ಹಿಂದೆ ಅಡಗಿಕೊಂಡು ಎರಡು ಸೊನ್ನೆ ಸುತ್ತಿದೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹೊರಡುವಾಗ ಆಯಿ ಒಂದು ಮಾತು ಕೇಳಿಕೊಂಡರು. ಟಿಕೋಟಾಕ್ಕೆ ಕೊಟ್ಟ ಮಗಳು ಮುಂದಿನ ವಾರ ಹಲ್ಲು ತೆಗೆಸಲು ಬರುತ್ತಾಳೆ, ಸೂಜಿ ಎಂದರೆ ಅವಳಿಗೆ ಜೀವ ಹೋದ ಹಾಗೆ, ಎರಡರಲ್ಲಿ ನೋಯದ್ದನ್ನು ಹಚ್ಚಬೇಕು. ಎರಡೂ ಒಂದೇ ಎಂದುಬಿಟ್ಟೆ.

ಆಯಿಯ ಜೊತೆ ಮಗಳು ಬಂದ ದಿನ ಕೈಗೆ ಸಿಕ್ಕಿದ್ದು ಬೆಂಜೋಕೇನ್, ಅದನ್ನೇ ಹಚ್ಚಿದೆ. ಸೂಜಿ ತಾಗಿದ್ದೇ ತಡ ಆಕೆ ಚೀರಿ ನನ್ನ ಕೈ ತಳ್ಳಿದಳು. ಕೆಟ್ಟ ಹಲ್ಲು ಬಾಯಲ್ಲೇ ಇರಲಿ ಎಂದವಳೇ ಊದಿದ ಕೆನ್ನೆ ಹಿಡಿದುಕೊಂಡು ಹೊರಟುಹೋದಳು. ಕರೆದರೂ ತಿರುಗಲಿಲ್ಲ.

ಆಯಿ ಮಾತ್ರ ಉಳಿದರು. ಸಿಟ್ಟು ಮಾಡಲಿಲ್ಲ. ಬೈದಿದ್ದರೆ ನನಗೇ ಹಗುರವಾಗುತ್ತಿತ್ತು.

"ನಿನ್ನ ಪರೀಕ್ಷಾದಾಗ ಮಾರ್ಕ್ಸ್ ಕಡಿಮಿ ಬೀಳಬಾರದಂತ ಅವತ್ತ ನಾ ಹಂಗ ಅಂದಿದ್ನಿ. ಕಣ್ಣಾಗ ನೀರ ಬಂದಿದ್ದು ನೀ ನೋಡಿದ್ದಿಲ್ಲೇನ ಯವ್ವಾ?"

"ಇಲ್ಲ ಆಯಿ," ಎಂದೆ.

"ಹಂಗಾರ ತಪ್ಪ ನಂದ ಬಿಡು," ಎಂದು ನನ್ನ ಬೆನ್ನು ಸವರಿ, ಮಗಳನ್ನು ಹುಡುಕಿಕೊಂಡು ಹೊರಗೆ ಹೋದರು.