ಶನಿವಾರದ ತೇಲಿ, ಸೋಮವಾರದ ಎತ್ತು

ಕಳೆದ ಸೋಮವಾರ ನಮ್ಮ ಉಮರ್ಗಾದಲ್ಲಿ ಒಬ್ಬ ಸಭ್ಯ ಮನುಷ್ಯನನ್ನು ಬಾಡಿಗೆ ಮನೆಯಿಂದ ಎಬ್ಬಿಸುವ ಕಾರ್ಯಕ್ರಮವಿತ್ತು. ಅದಕ್ಕಾಗಿ ಊರಿನ ನಾಲ್ಕು ಜನ ಹಿರಿಯರು ಒಗೆದ ರುಮಾಲು ಸುತ್ತಿಕೊಂಡು ಬಂದಿದ್ದರು. ಕಾರ್ಯಕ್ರಮ ಪೂರ್ತಿ ಫೇಲಾಯಿತು. ಫೇಲು ಮಾಡಿದವಳು ನನ್ನ ಸೋದರತ್ತೆ. ಪಾಸು ಮಾಡಿಸಲು ಓಡಾಡಿದವರಲ್ಲಿ ನಾನೂ ಒಬ್ಬ. (ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಧೈರ್ಯ ಸಾಲಲಿಕ್ಕಿಲ್ಲ.)

ಅತ್ತೆಯ ಹೆಸರು ಗುರಮ್ಮ. ವಯಸ್ಸು ಎಪ್ಪತ್ತರ ಆಚೀಚೆ. ಮನೆಯ ಹಿಂದೆ ಎರಡು ಖೋಲಿಗಳಿವೆ, ಬಾಡಿಗೆಗೆ ಕೊಡುತ್ತಾಳೆ. ಬಂದವರಿಗೆ ಕೇಳುವ ಮೊದಲ ಪ್ರಶ್ನೆ ಒಂದೇ: "ಯಾರ ಪೈಕಿ?"

ನಗಬೇಡಿ. ನಿಮ್ಮ ಮನೆ ಕೇಳಿಕೊಂಡು ಬಂದವರನ್ನು ನೀವೇನು ಕೇಳುತ್ತೀರಿ, ಮಳೆ ಬೆಳೆಯ ಸುದ್ದಿಯೇ?

ನಾವು ಹೈದರಾಬಾದ್ ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಆ ಕಡೆಯ ಸಾಹೇಬರುಗಳು ಟ್ರಾನ್ಸ್‌ಫರ್ ಆಗಿ ಇತ್ತ ಬರುತ್ತಿದ್ದಾರೆ. ಹಾಗೆ ಬಂದವರು ದನದ ದವಾಖಾನೆಯ ಡಾಕ್ಟರು. ಬೋರ್ಡಿನ ಮೇಲೆ ಹೆಸರು ಎಂ. ಎಸ್. ನಾಗಾಂವಕರ. ಮೊದಲು ನಿಲಂಗಾದಲ್ಲಿದ್ದರು. ಅಲ್ಲಿ ಮನೆ ಸಿಗದೆ ದವಾಖಾನೆಯಲ್ಲೇ ಎಮ್ಮೆಗಳ ಪಕ್ಕ ಮಲಗಿದ್ದರಂತೆ. ಈಗ ಹೆಂಡತಿಗೆ ದಿನ ತುಂಬುತ್ತಿತ್ತು. ಮನೆ ಬೇಕೇ ಬೇಕು. ನಾನೇ ಅತ್ತೆಯ ಹತ್ತಿರ ಕರೆದುಕೊಂಡು ಹೋದೆ.

ನಾಗಾಂವಕರ ಎಂಬ ಹೆಸರಿನಲ್ಲಿ ನಾಗಪ್ಪನೂ ಇದ್ದಾನೆ, ಗಾಂವವೂ ಇದೆ. ಅತ್ತೆಗೆ ಅರ್ಧ ಸಮಾಧಾನವಾಯಿತು. ಉಳಿದರ್ಧಕ್ಕೆ ಕೇಳಿದಳು: "ಯಾರ ಪೈಕಿ?"

ಡಾಕ್ಟರು ನಕ್ಕು ಮರಾಠಿಯಲ್ಲಿ ಹೇಳಿದರು: "ಆಮ್ಹೀ ಶನಿವಾರ ತೇಲಿ."

ಅತ್ತೆ ನನ್ನ ಮುಖ ನೋಡಿದಳು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಮಾಸ್ತರ. ಗೊತ್ತಿಲ್ಲ ಎನ್ನುವ ಅಭ್ಯಾಸ ನಮಗಿಲ್ಲ. "ತೇಲಿ ಅಂದ್ರ ಗಾಣಿಗ್ರು, ಅತ್ತಿ" ಎಂದೆ.

"ಗಾಣಿಗ್ರಾ? ಮತ್ತ ನಮ್ಮವರ ಆದ್ರಲ್ಲ!" ಎಂದು ಅತ್ತೆ ಸೊಂಟದಿಂದ ಕೀಲಿಕೈ ತೆಗೆದಳು. ಶನಿವಾರ ಎಂಬ ಮಾತು ಯಾರ ಕಿವಿಗೂ ಬೀಳಲಿಲ್ಲ.

ಅದು ಕಣ್ಣಿಗೆ ಬಿದ್ದದ್ದು ಆ ವಾರದ ಕೊನೆಗೆ. ಶನಿವಾರ ಹೊತ್ತೇರಿದರೂ ಹಿಂದಿನ ಖೋಲಿಯಲ್ಲಿ ಹೊಗೆಯಿಲ್ಲ. ಹಿಟ್ಟು ಮುಗಿದಿರಬೇಕು, ಪಾಪ, ಬಾಯಿಬಿಟ್ಟು ಕೇಳುವ ಮಂದಿಯಲ್ಲ ಎಂದುಕೊಂಡು ಅತ್ತೆ ನಾಲ್ಕು ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ತಾನೇ ಹೋದಳು. ಡಾಕ್ಟರ ಹೆಂಡತಿ ಸಾರಾಬಾಯಿ (ಅತ್ತೆಯ ಬಾಯಲ್ಲಿ ಶಾರದಾಬಾಯಿ) ಸಂಕೋಚದಿಂದ ಹೇಳಿದಳು, ಶನಿವಾರ ನಾವು ಒಲೆ ಹಚ್ಚುವುದಿಲ್ಲ, ಅದು ನಮ್ಮ ನೇಮ ಎಂದು.

ಅತ್ತೆಗೆ ಎಲ್ಲ ಅರ್ಥವಾಗಿಹೋಯಿತು. ಶನಿವಾರವೆಂದರೆ ಹನುಮಪ್ಪನ ವಾರ!

"ನೋಡು, ಸರಕಾರಿ ನೌಕ್ರಿದಾಗ ಇದ್ದೂ ಎಂಥಾ ಭಕ್ತಿ! ನೀ ಶ್ರಾವಣದಾಗೂ ಒಂದ್ ಒಪ್ಪತ್ತು ಮಾಡಾಂವಲ್ಲ" ಎಂದು ನನಗೆ ಬೈಗುಳ. ಮುಂದಿನ ಶುಕ್ರವಾರ ಸಂಜೆ ಸಾರಾಬಾಯಿ ಎರಡು ದೀಪ ಹಚ್ಚಿಟ್ಟದ್ದನ್ನು ಕಂಡ ಮೇಲಂತೂ ಅತ್ತೆ ಹನುಮಪ್ಪನಿಗೆಂದು ಅರ್ಧ ಸೇರು ಎಣ್ಣೆಯನ್ನೇ ಕಳಿಸಿಕೊಟ್ಟಳು. ಡಾಕ್ಟರು ಶನಿವಾರ ರಜೆ ಪಡೆದು ರವಿವಾರ ದವಾಖಾನೆ ತೆರೆಯುತ್ತಿದ್ದರು. ರವಿವಾರವೂ ಕುರಿಗೆ ಔಷಧ ಸಿಗುತ್ತದೆ ಎಂದು ಕುರುಬರು ಖುಷಿ. ಊರೆಲ್ಲ ಸುಖವಾಗಿತ್ತು.

ಕೆಡಿಸಿದ್ದು ಒಂದು ಪಾಕೀಟು.

ಪೋಸ್ಟಾಫೀಸಿನ ಕಟ್ಟೆಯ ಮೇಲೆ ಶಿವಲಿಂಗಪ್ಪನವರು ಟಪಾಲಿನ ಆ ಪಾಕೀಟು ಹಿಡಿದು ಕೂತಿದ್ದರು. ಕಾಳುಕಡಿಯ ವ್ಯಾಪಾರಸ್ಥರು, ಊರಿನ ಧರ್ಮದ ಗುತ್ತಿಗೆಯೂ ಅವರದೇ. ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಓದಿದವರು, ಇಂಗ್ಲಿಷ್ ಬಾರದು. "ಮಾಸ್ತರ, ದನದ ಡಾಕ್ಟರಿಗೆ ಬಂದದ. ಏನ್ ಬರದದ ಓದ್ರಿ" ಎಂದರು. ನಾನು ವಿಳಾಸವನ್ನು ಗಟ್ಟಿಯಾಗಿ ಓದಿದೆ. (ಇಂಗ್ಲಿಷನ್ನು ನಮ್ಮಲ್ಲಿ ಮೆಲ್ಲಗೆ ಓದಿದರೆ ಕಲಿತದ್ದು ದಂಡವಲ್ಲವೇ?) "ಮೋಜೆಸ್ ಸಾಲೊಮನ್ ನಾಗಾಂವಕರ."

ಶಿವಲಿಂಗಪ್ಪನವರು ಬೆರಳು ಮಡಚಿದರು. "ಮೋಜೆಸ್ ಅಂದ್ರ ಮೂಸಾ. ಸಾಲೊಮನ್ ಅಂದ್ರ ಸುಲೇಮಾನ. ಮೂಸಾ ಸುಲೇಮಾನ! ಮಾಸ್ತರ, ನಿಮ್ಮತ್ತಿ ಮನ್ಯಾಗ ರಜಾಕಾರ ಕುಂತಾನ್ರಿ!"

ನಿಜಾಮನನ್ನು ಇಳಿಸಿದ ಪೊಲೀಸ್ ಆ್ಯಕ್ಷನ್ ಆಗಿ ಹತ್ತು ವರ್ಷವಾಯಿತು. ಅದಕ್ಕೆ ಮೊದಲು ನಿಜಾಮನ ಕಡೆಯ ರಜಾಕಾರರು ಹಿಂದೂಗಳ ಮನೆ ಸುಟ್ಟರು. ಅದರ ನಂತರ, ರಜಾಕಾರರನ್ನು ಕಣ್ಣಿಂದಲೂ ಕಾಣದ ಎಷ್ಟೋ ಬಡ ಮುಸಲ್ಮಾನರ ಮನೆಗಳೂ ಸುಟ್ಟವು. ನಮ್ಮಲ್ಲಿ ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಎಲ್ಲರೂ ಮರೆತಿದ್ದಾರೆ. ಆದ್ದರಿಂದ ಮೂಸಾ ಎಂಬ ಒಂದು ಹೆಸರು ಸಂಜೆಯೊಳಗೆ ಊರು ಸುತ್ತಿ ಬಂತು. ಸೋಮವಾರ ಹಿರಿಯರು ಹೋಗಿ ಗುರಮ್ಮನಿಗೆ ಹೇಳಿ ಮನೆ ಖಾಲಿ ಮಾಡಿಸುವುದು ಎಂದು ಠರಾವಾಯಿತು.

ರವಿವಾರ ಬೆಳಿಗ್ಗೆ ನಾನು ದವಾಖಾನೆಗೆ ಓಡಿದೆ. ಡಾಕ್ಟರು ಒಂದು ಆಡಿನ ಬಾಯಿ ಅಗಲಿಸಿ ನೋಡುತ್ತಿದ್ದರು. ಸುದ್ದಿ ಕೇಳಿ ನಕ್ಕರು. (ಅವರದು ಮರಾಠಿ, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.) "ನಾವು ಯಹೂದಿಗಳು, ಮಾಸ್ತರ. ಯಾವುದೋ ಕಾಲದಲ್ಲಿ ಹಡಗು ಒಡೆದು ಕೊಂಕಣದ ದಂಡೆಗೆ ಬಂದವರಂತೆ. ಹಿರಿಯರು ಗಾಣ ಹಾಕಿದರು. ಶನಿವಾರ ಮಾತ್ರ ಗಾಣ ತಿರುಗಿಸುತ್ತಿರಲಿಲ್ಲ. ಊರವರೇ ಇಟ್ಟ ಹೆಸರು, ಶನಿವಾರ ತೇಲಿ."

ನನಗೆ ಹೋದ ಜೀವ ಬಂತು. "ಮತ್ತ ಅಷ್ಟ ಹೇಳ್ರಿ! ನೀವು ಮುಸಲ್ಮಾನರಲ್ಲ ಅಂತ ಎಲ್ಲಾರಿಗೂ ಹೇಳ್ರಿ, ಮುಗದ್ಹೋತು."

"ಮುಸಲ್ಮಾನನೇ ಆಗಿದ್ದರೆ ಮನೆ ಬಿಡಬೇಕಿತ್ತೇ, ಮಾಸ್ತರ?"

ಗೊತ್ತಿಲ್ಲ ಎನ್ನುವ ಅಭ್ಯಾಸ ನಮಗಿಲ್ಲ ಎಂದೆನಲ್ಲ? ನಾನು ಬುದ್ಧಿ ಹೇಳಿದೆ. "ಗಲಾಟಿ ಯಾಕ್ರಿ, ಸಾಹೇಬ್ರ? ಸುಮ್ನ ಬ್ಯಾರೆ ಕಡಿ ಮನಿ ನೋಡ್ಕೋರಿ. ನಿಮ್ಮ ಒಳ್ಳೇದಕ್ಕ ಹೇಳ್ಲಾಕತ್ತೀನಿ."

ಡಾಕ್ಟರು ಆಡನ್ನು ಬಿಟ್ಟು ಕೈ ತೊಳೆದುಕೊಂಡರು. ಓದುವ ಕಾಲದಲ್ಲಿ ಅವರು ಮುಂಬಯಿಯಲ್ಲಿ ಒಬ್ಬ ಜರ್ಮನ್ ಡಾಕ್ಟರರ ಕೈಕೆಳಗೆ ಸಂಜೆ ಕೆಲಸ ಮಾಡುತ್ತಿದ್ದರಂತೆ. ಅವರೂ ಯಹೂದಿ, ಜೀವ ಉಳಿಸಿಕೊಂಡು ಓಡಿ ಬಂದವರು. ತಾಯಿ, ಇಬ್ಬರು ತಂಗಿಯರು ಅಲ್ಲೇ ಉಳಿದರು. ಅವರನ್ನು ರೈಲಿಗೆ ಹತ್ತಿಸಿದರು ಎಂಬಲ್ಲಿಗೆ ಸುದ್ದಿ ನಿಂತಿತು. ಯುದ್ಧ ಮುಗಿದ ಮೇಲೆ ಗೊತ್ತಾಯಿತು, ಆ ರೈಲುಗಳು ಎಲ್ಲಿಗೆ ಹೋಗುತ್ತಿದ್ದವು ಎಂದು. ಹಸುಗೂಸುಗಳ ಸಮೇತ ಲಕ್ಷ ಲಕ್ಷ ಯಹೂದಿಗಳನ್ನು ಕೊಂದಿದ್ದರು.

"ಎಲ್ಲ ಶುರುವಾದದ್ದು ಹೇಗೆ ಎಂದು ನಾನೊಮ್ಮೆ ಕೇಳಿದೆ" ಎಂದರು ನಾಗಾಂವಕರ. "ಅವರು ಹೇಳಿದರು, ಮೊದಲ ದಿನ ಯಾರೂ ಹೊಡೆಯಲಿಲ್ಲ. ಮನೆಯೊಡತಿ ಬಂದಳು. ತುಂಬ ಒಳ್ಳೆಯ ಹೆಂಗಸು. ಗಲಾಟೆ ಬೇಡ, ಬೇರೆ ಮನೆ ನೋಡಿಕೊಳ್ಳಿ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದಳು. ಹೋಗುವಾಗ ಒಂದು ಬಾಟಲಿ ಜಾಮ್ ಕೂಡ ಕೊಟ್ಟಳಂತೆ."

ನನಗೆ ನಾಚಿಕೆಯಾಯಿತು. ಯುದ್ಧದ ಕಾಲದಲ್ಲಿ, ಆ ಕೊಲೆಗಳನ್ನು ಮಾಡಿಸಿದ ಜರ್ಮನ್ ಸರದಾರನ ಪಟವನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದವನು ನಾನು. ಇಂಗ್ಲಿಷರಿಗೆ ಪೆಟ್ಟು ಕೊಟ್ಟನಲ್ಲ, ಸಾಕು, ಉಳಿದದ್ದು ನಮಗ್ಯಾಕೆ ಎನ್ನುತ್ತಿದ್ದೆ. ಈಗ ಅವನ ಊರಿನ ಮನೆಯೊಡತಿಯ ಮಾತು ಅಕ್ಷರಶಃ ನನ್ನ ಬಾಯಿಂದ ಬಂದಿತ್ತು. ಜಾಮ್ ಒಂದೇ ಬಾಕಿ.

ಸೋಮವಾರ ಬಂತು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ, ಎತ್ತಿಗೆ ವಿಶ್ರಾಂತಿ. ಎತ್ತಿಗೆ ಬಿಡುವಾದರೆ ಮನುಷ್ಯರಿಗೆ ಊರ ಉಸಾಬರಿಗೆ ಪುರಸೊತ್ತು. ಶಿವಲಿಂಗಪ್ಪನವರು ಮೂವರನ್ನು ಕಟ್ಟಿಕೊಂಡು ಅತ್ತೆಯ ಕಟ್ಟೆಗೆ ಬಂದರು. "ಗುರಮ್ಮವ್ವ, ನಿನ್ನ ಬಾಡಿಗಿಯಂವ ತೇಲಿನೂ ಅಲ್ಲ, ಗೀಲಿನೂ ಅಲ್ಲ. ನಮ್ಮ ಧರ್ಮದಂವನ ಅಲ್ಲ. ಇವತ್ತ ಖಾಲಿ ಮಾಡಸು."

ಅತ್ತೆ ಡಾಕ್ಟರರನ್ನು ಕರೆಸಿದಳು. ಬಾಗಿಲ ಮರೆಯಲ್ಲಿ ಸಾರಾಬಾಯಿ ಗೋಡೆ ಹಿಡಿದು ನಿಂತಿದ್ದಳು. ಡಾಕ್ಟರು ಮುಚ್ಚಿಡದೆ ಎಲ್ಲ ಹೇಳಿದರು. ಮರಾಠಿ ಬಾರದವರಿಗೆ ನಾನು ಕನ್ನಡ ಮಾಡಿ ಹೇಳಿದೆ. ಈ ಸಲ ಸರಿಯಾಗಿ ಹೇಳಿದೆ.

ಅತ್ತೆ ಕೇಳಿದ್ದು ಒಂದೇ. "ಶನಿವಾರ ಗಾಣ ಯಾಕ ಹೊಡೀತಿದ್ದಿಲ್ರಿ?"

"ದೇವರ ಅಪ್ಪಣೆ, ಅಜ್ಜಿ. ವಾರಕ್ಕೊಂದು ದಿನ ನೀನೂ ದುಡಿಯಬೇಡ, ನಿನ್ನ ಎತ್ತನ್ನೂ ದುಡಿಸಬೇಡ ಅಂತ."

"ಎತ್ತಿಂದೂ ಹೇಳ್ಯಾನ?"

"ಎತ್ತು, ಕತ್ತೆ ಎಲ್ಲ ಹೆಸರು ಹಿಡಿದು ಹೇಳಿದ್ದಾನೆ."

ಅತ್ತೆ ಶಿವಲಿಂಗಪ್ಪನವರ ಕಡೆ ತಿರುಗಿದಳು. "ಶಿವಲಿಂಗ್ಯಾ, ಇವತ್ತ ಯಾವ ವಾರೋ?"

"ಸೋಮಾರ, ಅವ್ವ."

"ಮುಂಜಾನಿ ನಿನ್ನ ಬಂಡಿ ಚೀಲ ಹೇರ್ಕೊಂಡು ಲೋಹಾರಾ ಹಾದಿ ಹಿಡದಿತ್ತಲ್ಲ. ಅದನ್ನ ಯಾರ್ ಎಳೀತಿದ್ರು? ನಿಮ್ಮಪ್ಪೇನು?"

ಜೊತೆಗೆ ಬಂದ ಮೂವರಲ್ಲಿ ಒಬ್ಬರಿಗೆ ಕೆಮ್ಮು ಬಂತು. ಕೆಮ್ಮಲ್ಲ, ನಗು.

"ಆ ದೇವ್ರು ಎತ್ತಿಗೊಂದ್ ವಾರ ಕೊಟ್ಟಾನ. ನಮ್ಮ ಬಸವಣ್ಣಗೂ ಒಂದ್ ವಾರ ಅದ. ಇವ್ರು ಪಾಳಿಸ್ತಾರ, ನೀ ಪಾಳಸಲ್ಲ. ಧರ್ಮದ್ದ ಮಾತಾದ್ರ ನಿನ್ನ ಮನಿ ಮೊದ್ಲ ಖಾಲಿ ಮಾಡಸಬೇಕಾಗ್ತದ. ದಿನ ತುಂಬಿದ ಹೆಂಗಸನ್ನ ಹೊರಗ ಹಾಕು ಅಂತಿ, ನಾಚ್ಕಿ ಬರಲ್ಲೇನೋ? ಮೂಸಾ ಇರ್ಲಿ, ಮಾದಪ್ಪ ಇರ್ಲಿ, ಕೂಸು ನನ್ನ ಮನ್ಯಾಗ ಹುಟ್ತದ. ನಡಿ."

ನಾಲ್ಕೂ ರುಮಾಲು ಕಟ್ಟೆ ಇಳಿದವು.

ಅತ್ತೆ ಒಂದೇ ದಿನಕ್ಕೆ ಶರಣೆಯಾದಳು ಎಂದುಕೊಳ್ಳಬೇಡಿ. "ಅಡಗಿ ಮನಿ ಹೊಸ್ತಿಲ ಮಾತ್ರ ದಾಟಬ್ಯಾಡ್ರಿ" ಎಂದು ಡಾಕ್ಟರರಿಗೆ ಅಲ್ಲೇ ಹೇಳಿದಳು. (ಸ್ನಾನವಾಗದಿದ್ದರೆ ನನ್ನನ್ನೂ ದಾಟಗೊಡುವುದಿಲ್ಲ.) ಖೋಲಿಯಲ್ಲಿ ಮಾಂಸ ಬೇಯಿಸಕೂಡದು ಎಂದಳು, ಅವರು ಮೊದಲಿನಿಂದಲೂ ಬೇಯಿಸಿರಲಿಲ್ಲ. ಆಮೇಲೆ ನನ್ನ ಪಾಳಿ. "ಗಾಣಿಗ್ರು ಅಂದಂವಾ ನೀನ ಅಲ್ಲೇನೋ, ಮಾಸ್ತರಾ? ನನ್ನ ಅರ್ಧ ಸೇರು ಎಣ್ಣಿ ಯಾವ ಹನುಮಪ್ಪಗ ಹೋತೋ?" ಸಾರಾಬಾಯಿ ಬಾಗಿಲಲ್ಲೇ ಜೋರಾಗಿ ನಕ್ಕಳು. ಬಹಳ ದಿನದಿಂದ ತಡೆದಿಟ್ಟ ನಗುವಿರಬೇಕು, ಕೊನೆಗೆ ಕಣ್ಣೊರೆಸಿಕೊಂಡಳು.

ಅತ್ತೆಗೆ ಅಕ್ಷರ ಬರುವುದಿಲ್ಲ. ಜರ್ಮನಿ ಎಂದರೆ ಪಾತ್ರೆಯ ಲೋಹ ಎಂದೇ ಅವಳ ತಿಳಿವಳಿಕೆ. ಯಾರ ಪೈಕಿ ಎಂದು ಕೇಳುವುದನ್ನು ಅವಳು ಸಾಯುವ ತನಕ ಬಿಡುವುದಿಲ್ಲ. ಆದರೆ ಉತ್ತರ ಏನೇ ಬಂದರೂ ಕೊಟ್ಟ ಕೀಲಿಕೈ ವಾಪಸು ಕೇಳಲಿಲ್ಲ. ಎಲ್ಲ ಓದಿಕೊಂಡ ನಾನು ಹಿಂದಿನ ದಿನವೇ ಹೋಗಿ ಕೇಳಿ ಬಂದಿದ್ದೆ, ಅದೂ ಬಹಳ ಮರ್ಯಾದೆಯಿಂದ.

ಇದನ್ನೋದಿ ನೀವು ಕೇಳಬಹುದು, ಅಷ್ಟು ದೊಡ್ಡ ಜರ್ಮನಿಯಲ್ಲಿ ಒಳ್ಳೆಯ ಜನವೇ ಇರಲಿಲ್ಲವೇ ಎಂದು.

ಇದ್ದರು ಸ್ವಾಮಿ, ನನ್ನಂಥವರು ಓಣಿಗೊಬ್ಬರು ಇದ್ದರು.