ಆಲೆಮನೆ ತಿರುವಿನಲ್ಲಿ ಮಗುಚಿದ ಕಬ್ಬಿನ ಟ್ರೇಲರ್

ಕೊರೋನಾ ಕಳೆದ ಎರಡನೆಯ ವರ್ಷ. ನಾನು ಖಾಸಗಿ ಗುತ್ತಿಗೆದಾರರೊಬ್ಬರ ಬಳಿ ಸೈಟ್ ಎಂಜಿನಿಯರ್ ಆಗಿದ್ದೆ. ಮದ್ದೂರು ಮತ್ತು ಮಳವಳ್ಳಿಯ ನಡುವೆ, ನಾಲೆಯ ಪಕ್ಕದಲ್ಲಿ ಹಾಯುವ ಆರು ಕಿಲೋಮೀಟರಿನ ಒಂದು ಒಳರಸ್ತೆಗೆ ಡಾಂಬರು ಹಾಕಿಸುವ ಕೆಲಸ ನನ್ನದು. ವಯಸ್ಸು ಐವತ್ತೇಳು. ಹೆಂಡತಿ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಮಳವಳ್ಳಿಯಲ್ಲಿ ಒಂದು ರೂಮು ಹಿಡಿದಿದ್ದೆ. ಬೆಳಿಗ್ಗೆ ಬೀಗ ಹಾಕುವಾಗ ಹೋಗಿ ಬರ್ತೀನಿ ಎಂದು ಹೇಳಲು ಒಳಗೆ ಯಾರೂ ಇರುತ್ತಿರಲಿಲ್ಲ. ಕೆರಗೋಡಿನ ಕಡೆಯ ನಮ್ಮ ಮನೆಯಲ್ಲಿ ಅಜ್ಜಿ, ಅಜ್ಜಿಯ ಇಬ್ಬರು ತಂಗಿಯರು ಜಗಲಿಯಲ್ಲಿ ಕೂತು ಮಾತಿಗೆ ಮಾತು ಪೋಣಿಸುವುದನ್ನು ಕೇಳುತ್ತ ಬೆಳೆದವನು ನಾನು. ಅಂಥವನಿಗೆ ಮಾತಿಲ್ಲದ ರೂಮು ಎಂದರೆ ಉಪ್ಪಿಲ್ಲದ ಸಾರು.

ಅದಕ್ಕೇ ಇರಬೇಕು, ಚನ್ನಪ್ಪನ ಆಲೆಮನೆ ನನಗೆ ಅಷ್ಟು ಹಿಡಿಸಿದ್ದು. ನಮ್ಮ ರಸ್ತೆಯ ನಾಲ್ಕನೆಯ ಕಿಲೋಮೀಟರಿನಲ್ಲಿ ಒಂದು ತಿರುವು ಇದೆ. ತಿರುವಿನ ಒಳಮಗ್ಗುಲಿಗೆ ಚನ್ನಪ್ಪ ಬೆಲ್ಲ ಕಾಯಿಸುವ ಆಲೆಮನೆ, ಹೊರಮಗ್ಗುಲಿಗೆ ನಾಲೆ. ಸಂಜೆ ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವ ಹೊತ್ತಿಗೆ ಹೋಗಿ ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ. ಚನ್ನಪ್ಪ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದ. ನಾನೂ ನನ್ನ ಕಾಲದ ಕಥೆ ತೆಗೆಯುತ್ತಿದ್ದೆ. ದಿನಕ್ಕೆ ಅಷ್ಟೊಂದು ಮಾತು ಸಿಗುತ್ತಿದ್ದ ಜಾಗ ನನಗೆ ಬೇರೆ ಇರಲಿಲ್ಲ.

ಒಂದು ಸಂಜೆ ಅವನು ಕೇಳಿದ: "ಸಾ, ಮಳೆ ಬಂದ್ರೆ ರಸ್ತೆ ನೀರೆಲ್ಲ ನನ್ನ ಒಲೆಗುಂಡಿಗೇ ನುಗ್ತದೆ. ಗುಂಡಿ ನೆಂದ್ರೆ ಮೂರು ದಿನ ಒಲೆ ಅತ್ತಕ್ಕಿಲ್ಲ. ಒಸಿ ನಾಲೆ ಕಡೀಕೆ ವಾಟ ಕೊಟ್ಬುಡಿ."

ವಾಟ ಎಂದರೆ ಇಳಿಜಾರು. ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಎತ್ತರಿಸಿ, ಒಳ ಅಂಚನ್ನು ತಗ್ಗಿಸಬೇಕು. ನಮ್ಮ ಭಾಷೆಯಲ್ಲಿ ಅದು ಸೂಪರ್ ಎಲಿವೇಶನ್. ಸೈಕಲ್ ಸವಾರ ತಿರುವಿನಲ್ಲಿ ಒಳಕ್ಕೆ ವಾಲುತ್ತಾನಲ್ಲ, ಹಾಗೆ ರಸ್ತೆಯೇ ಒಳಕ್ಕೆ ವಾಲಿರಬೇಕು. ನಕ್ಷೆಯಲ್ಲೂ ಹಾಗೇ ಇತ್ತು. ಚನ್ನಪ್ಪ ಕೇಳುತ್ತಿದ್ದದ್ದು ಅದರ ತದ್ವಿರುದ್ಧ.

"ತಿರುವಿನಲ್ಲಿ ಹಾಗೆ ಮಾಡಬಾರದು ಚನ್ನಪ್ಪ, ಗಾಡಿಯನ್ನು ಹೊರಕ್ಕೆ ತಳ್ಳಿಬಿಡುತ್ತೆ" ಎಂದೆ.

"ಇಲ್ಲೇನು ಏರೋಪ್ಲೇನು ಬತ್ತದಾ ಸಾ? ಬರೋದೆಲ್ಲ ಕಬ್ಬಿನ ಟ್ಯಾಕ್ಟ್ರು, ಎತ್ತಿನ ಗಾಡಿ. ತಳ್ಳಾಕೆ ಜೋರಾದ್ರೂ ಎಲ್ಲಿಂದ ಬಂದದು?"

ನನಗೂ ಹೌದಲ್ಲ ಎನ್ನಿಸಿತು. ನಿಜ ಹೇಳಬೇಕೆಂದರೆ, ಮೂವತ್ತು ವರ್ಷ ರಸ್ತೆ ಮಾಡಿಸಿದ್ದರೂ ತಿರುವಿನಲ್ಲಿ ಹೊರಕ್ಕೆ ತಳ್ಳುವ ಒಂದು ಬಲ ಇರುತ್ತದೆ, ವೇಗ ಕಡಿಮೆಯಾದರೆ ಅದೂ ಕಡಿಮೆ ಎಂಬಷ್ಟೇ ನನ್ನ ತಿಳಿವಳಿಕೆ. ಆ ನಲವತ್ತು ಮೀಟರಿಗೆ ಮಾತ್ರ ಮೀಟರಿಗೆ ನಾಲ್ಕು ಸೆಂಟಿಮೀಟರಿನಂತೆ ನಾಲೆಯ ಕಡೆಗೆ ವಾಟ ಕೊಡಿಸಿದೆ. ನಕ್ಷೆಯಂತೆಯೇ ಆಗಿದೆ ಎಂದು ಸಹಿಯನ್ನೂ ಹಾಕಿದೆ. ಅವತ್ತು ಚನ್ನಪ್ಪ ಬಾಳೆಲೆಯಲ್ಲಿ ಬಿಸಿ ಬೆಲ್ಲ ಹಾಕಿಕೊಟ್ಟ.

ಕಬ್ಬು ಅರೆಯುವ ಕಾಲ ಶುರುವಾಗಿ ಐದನೆಯ ವಾರ. ಹಿಂದಿನ ಸಂಜೆ ತುಂತುರು ಹನಿದಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಮಹದೇವ ಎಂಬ ಡ್ರೈವರ್ ಒಂದು ಟ್ರೇಲರ್ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟಿದ್ದ. ಪಕ್ಕದ ಮಡ್‌ಗಾರ್ಡಿನ ಮೇಲೆ ಅವನ ಭಾಮೈದ, ಅಂದರೆ ಹೆಂಡತಿಯ ತಮ್ಮ, ಶಿವು ಕೂತಿದ್ದ. ಆಲೆಮನೆ ತಿರುವಿನಲ್ಲಿ ಟ್ರೇಲರ್ ಜಾರಿ ನಾಲೆಯ ಕಡೆಯ ಅಂಚು ದಾಟಿತು, ಮಗುಚಿತು. ಟ್ರ್ಯಾಕ್ಟರೂ ಉರುಳುತ್ತದೆ ಎಂದು ಹೆದರಿ ಶಿವು ಅದೇ ಕಡೆಗೆ ಹಾರಿದ. ಕಬ್ಬು ಅವನ ಮೇಲೆ ಬಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಬಲಗಾಲಿನ ಪಾದ ತೆಗೆಯಬೇಕಾಯಿತು. ವಯಸ್ಸು ಇಪ್ಪತ್ನಾಲ್ಕು.

ಸಂಜೆಯ ಹೊತ್ತಿಗೆ ಊರು ತೀರ್ಪು ಕೊಟ್ಟಾಗಿತ್ತು: ಮಹದೇವ ಜೋರಾಗಿ ಬಂದ, ತಿರುವು ಅವನನ್ನು ಎಸೆಯಿತು. ಪೊಲೀಸರು ಅತಿವೇಗದ ಕೇಸು ಹಾಕಿದರು. ಅವನ ಹೆಂಡತಿ ಸವಿತ ಆಸ್ಪತ್ರೆಯಿಂದ ತಮ್ಮನ ಜೊತೆಯಲ್ಲೇ ಆತಗೂರಿನ ಕಡೆಯ ತವರಿಗೆ ಹೋದವಳು ಗಂಡನ ಫೋನು ಎತ್ತಲಿಲ್ಲ.

ಮೂರನೆಯ ದಿನ ನಾನು ತಿರುವಿಗೆ ಹೋದೆ. ಮಗುಚಿದ ಟ್ರೇಲರ್ ಅಲ್ಲೇ ಇತ್ತು, ಟ್ರ್ಯಾಕ್ಟರು ರಸ್ತೆಯಲ್ಲಿ ನಿಂತಿತ್ತು. ನಾಲೆಯ ಏರಿಯ ಮೇಲೆ ಮಹದೇವ ಒಬ್ಬನೇ ಕೂತಿದ್ದ. ನಾನು ರಸ್ತೆ ಮಾಡಿಸಿದವನು ಎಂದು ಗೊತ್ತಿದ್ದೂ ಅವನು ನನ್ನನ್ನು ಬೈಯಲಿಲ್ಲ.

"ನೋಡಿ ಸಾ, ಗೇರು ಅಂಗೇ ಕಚ್ಕಂಡದೆ" ಎಂದ. "ಆ ಗೇರ್‌ನಾಗೆ ಎಷ್ಟು ತುಳಿದ್ರೂ ಗಂಟೆಗೆ ಅದಿನೆಂಟು ಕಿಲೋಮೀಟ್ರು ದಾಟಕ್ಕಿಲ್ಲ. ಯಾವ ಮೆಕ್ಯಾನಿಕ್‌ನಾದ್ರೂ ಕೇಳಿ. ನಾನು ಜೋರೂ ಮಾಡ್ನಿಲ್ಲ, ಬ್ರೇಕೂ ಒತ್ನಿಲ್ಲ. ಒಂದೇ ಸಮ ಬತ್ತಿದ್ದೆ. ಒಂದೇ ಸಮ ಬತ್ತಿದ್ದೋನ್ಗೆ ಇಂಗ್ಯಾಕಾಯ್ತು, ಯೋಳಿ ಸಾ."

ಗೆಜ್ಜಲಗೆರೆಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿ ಕೇಳಿದೆ. ಗೇರಿನ ಮಾತು ನಿಜ. ಹಾಗಾದರೆ ಉಳಿದದ್ದು ಅವನ ಪ್ರಶ್ನೆ.

ರಸ್ತೆಯನ್ನು ಬಗ್ಗಿ ನೋಡುತ್ತ ನಡೆದೆ. ತಿರುವಿಗೆ ಸ್ವಲ್ಪ ಮುಂಚೆ ಗದ್ದೆಯ ದಾರಿ ಬಂದು ಸೇರುತ್ತದೆ. ಟ್ರ್ಯಾಕ್ಟರುಗಳು ಚಕ್ರದಲ್ಲಿ ಹೊತ್ತು ತಂದ ಜೇಡಿ ಹನಿ ಮಳೆಗೆ ನೆಂದು ಡಾಂಬರಿನ ಮೇಲೆ ಸಾರಣೆಯಂತೆ ಬಳಿದುಕೊಂಡಿತ್ತು. ಅದರಲ್ಲಿ ಟ್ರೇಲರಿನ ಚಕ್ರದ ಗುರುತು ಮೂಡಿತ್ತು. ಅದನ್ನು ನೋಡಿ ನಿಂತುಬಿಟ್ಟೆ. ಯಾರೋ ಹೊರಕ್ಕೆ ತಳ್ಳಿದ್ದರೆ ಗುರುತು ನಾಲೆಯ ಕಡೆಗೆ ಸೊಟ್ಟಗೆ ತಿರುಗಬೇಕಿತ್ತು. ಅದು ಎತ್ತಲೂ ತಿರುಗಿರಲಿಲ್ಲ. ತಿರುವು ಶುರುವಾಗುವ ಜಾಗದಿಂದ ಅಂಚಿನವರೆಗೆ ಹನ್ನೊಂದು ಮೀಟರು, ಹೆಚ್ಚುಕಡಿಮೆ ಗೆರೆ ಎಳೆದಂತೆ ನೇರ. ರಸ್ತೆ ಬಾಗಿತ್ತು, ಟ್ರೇಲರ್ ಬಾಗಿರಲಿಲ್ಲ. ಅಷ್ಟೇ.

ಬಿದ್ದಿದ್ದ ಕಬ್ಬಿನಲ್ಲಿ ಒಂದೊಂದು ಮೊಳದ ಎರಡು ತುಂಡು ಮುರಿದುಕೊಂಡೆ. ಒಂದನ್ನು ತಿರುವಿನ ಆರಂಭದಲ್ಲಿ ಗಾಡಿ ಸಾಗುವ ದಿಕ್ಕಿಗೆ ಇಟ್ಟೆ. ಇನ್ನೊಂದನ್ನು ಕೆಲವು ಹೆಜ್ಜೆ ಮುಂದೆ, ಅಲ್ಲಿ ಗಾಡಿ ಸಾಗಬೇಕಾದ ದಿಕ್ಕಿಗೆ ಇಟ್ಟೆ. ಆಮೇಲೆ ದಿಕ್ಕು ಕೆಡದಂತೆ ಎರಡನ್ನೂ ಎತ್ತಿ ತಂದು ಬುಡಕ್ಕೆ ಬುಡ ಸೇರಿಸಿದೆ. ತುಂಡುಗಳ ಉದ್ದ ಒಂದೇ, ಎಂದರೆ ಮಹದೇವನ ಒಂದೇ ಸಮನಾದ ಓಟ. ಆದರೆ ತುದಿಗಳು ಬೇರೆ ಬೇರೆ ಕಡೆ ನೋಡುತ್ತಿದ್ದವು. ಮೊದಲನೆಯ ತುದಿಯಿಂದ ಎರಡನೆಯ ತುದಿಗೆ ಒಂದು ಕಬ್ಬಿನ ಗರಿ ಇಟ್ಟೆ. ಆ ಗರಿ ನೆಟ್ಟಗೆ ಚನ್ನಪ್ಪನ ಆಲೆಮನೆಯನ್ನು ತೋರಿಸಿತು. ಮುಂದಿನ ಜಾಗದಲ್ಲಿ ಮಾಡಿ ನೋಡಿದೆ, ಅದರ ಮುಂದೆಯೂ ನೋಡಿದೆ. ಎಲ್ಲ ಕಡೆಯಿಂದಲೂ ಗರಿ ಅವನ ಒಲೆಗುಂಡಿಯತ್ತಲೇ ಬೊಟ್ಟು ಮಾಡುತ್ತಿತ್ತು. ಟೇಪು ಹಿಡಿದರೆ ತಿರುವಿನ ಕೇಂದ್ರ ಬೀಳುವುದೂ ಆಲೆಮನೆಯ ಅಂಗಳದಲ್ಲೇ, ರಸ್ತೆಯ ನಡುವಿನಿಂದ ಮೂವತ್ತು ಮೀಟರು.

ವೇಗೋತ್ಕರ್ಷ ಎಂದರೆ ಜೋರು ಹೆಚ್ಚುವುದು ಮಾತ್ರ ಎಂದುಕೊಂಡಿದ್ದೆ. ದಿಕ್ಕು ಬದಲಾದರೂ ಅದು ವೇಗೋತ್ಕರ್ಷವೇ. ವೃತ್ತದಲ್ಲಿ ಸಾಗುವ ವಸ್ತುವಿಗೆ ಆ ಬದಲಾವಣೆ ಪ್ರತಿ ಗಳಿಗೆಯೂ ಕೇಂದ್ರದ ಕಡೆಗೆ ಆಗುತ್ತಲೇ ಇರಬೇಕು. ಒಳಕ್ಕೆ ಎಳೆಯುವವರು ಇಲ್ಲದಿದ್ದರೆ ಅದನ್ನು ಯಾರೂ ಹೊರಗೆ ತಳ್ಳಬೇಕಿಲ್ಲ, ತನ್ನ ಪಾಡಿಗೆ ನೇರ ಹೋಗುತ್ತದೆ. ಕಾಲೇಜಿನಲ್ಲಿ ಇದರ ಸೂತ್ರ ಬರೆದು ಪಾಸಾಗಿದ್ದವನಿಗೆ ಅರ್ಥವಾದದ್ದು ಅವತ್ತು, ಆ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತಾಗ.

ಲೆಕ್ಕ ಹಾಕಿದೆ. ಗಂಟೆಗೆ ಹದಿನೆಂಟು ಕಿಲೋಮೀಟರೆಂದರೆ ಸೆಕೆಂಡಿಗೆ ಐದು ಮೀಟರು. ಐದೈದಲಿ ಇಪ್ಪತ್ತೈದು, ಅದನ್ನು ಮೂವತ್ತರಿಂದ ಭಾಗಿಸಿದರೆ 0.83. ಟ್ರೇಲರಿಗೆ ಒಳಮುಖವಾಗಿ ಬೇಕಿದ್ದ ವೇಗೋತ್ಕರ್ಷ ಇಷ್ಟು. ಇದನ್ನು ಕೊಡಬಲ್ಲವು ಎರಡೇ: ಟೈರಿನ ಹಿಡಿತ, ರಸ್ತೆಯ ವಾಟ. ನಕ್ಷೆಯಂತೆ ಅಷ್ಟೇ ವಾಟವನ್ನು ಒಳಕ್ಕೆ ಕೊಟ್ಟಿದ್ದರೆ, ಗುರುತ್ವದ 9.8ರಲ್ಲಿ ನೂರಕ್ಕೆ ನಾಲ್ಕರಂತೆ, ವಾಟವೇ 0.39 ಕೊಡುತ್ತಿತ್ತು, ಟೈರಿಗೆ ಉಳಿಯುತ್ತಿದ್ದದ್ದು 0.44. ನಾನು ವಾಟ ತಿರುಗಿಸಿದ್ದರಿಂದ ಅದೇ 0.39 ಹೊರಕ್ಕೆ ಸೇರಿ ಟೈರಿನ ಮೇಲೆ 1.22ರ ಹೊರೆ ಬಿತ್ತು. ಹೆಚ್ಚುಕಡಿಮೆ ಮೂರು ಪಟ್ಟು. ಜೇಡಿ ಮೆತ್ತಿದ ಟೈರಿಗೆ ಅಷ್ಟು ಹಿಡಿತ ಎಲ್ಲಿಂದ ಬರಬೇಕು?

ನಮ್ಮ ಮಾಲೀಕರಿಗೆ, ಅಂದರೆ ಗುತ್ತಿಗೆದಾರರಿಗೆ, ಫೋನು ಮಾಡಿ ಹೇಳಿದೆ. ಅವರು ಕೂಗಾಡಲಿಲ್ಲ. "ಡ್ರೈವರ್ ಮೇಲೆ ಕೇಸಾಗಿದೆಯಲ್ಲ. ನೀವಾಗಿ ಯಾಕ್ರೀ ತಲೆ ಕೊಡ್ತೀರಿ? ಸುಮ್ನಿರಿ" ಎಂದರು.

ಸುಮ್ಮನಿದ್ದೆ. ಒಂಬತ್ತು ದಿನ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆಲೆಮನೆಗೆ ಹೋಗುವುದನ್ನು ಬಿಟ್ಟೆ. ರೂಮಿನಲ್ಲಿ ಕೂತರೆ ಗೋಡೆಯೇ ಕೇಳುವಂತಾಗುತ್ತಿತ್ತು. ಹೇಳಿಕೊಳ್ಳಲು ಇದ್ದವಳೊಬ್ಬಳು, ಅವಳೂ ಹೋಗಿದ್ದಳು.

ಹತ್ತನೆಯ ದಿನ ಬೆಳಿಗ್ಗೆ ಟೀ ಅಂಗಡಿಯಲ್ಲಿದ್ದೆ. ಮಹದೇವ ಬಂದ. ಬೆಂಚಿನ ಮೇಲಿದ್ದವನೊಬ್ಬ, "ಲೇ, ರೇಸು ಡ್ರೈವರ್ರು ಬಂದ್ರು. ಸರ್ಕಳ್ರಲಾ ಅತ್ತಗೆ, ಬೆಂಚ್ನೂ ಮಗುಚಾಕ್ಬುಟ್ಟಾನು" ಎಂದ. ನಾಲ್ಕು ಜನ ನಕ್ಕರು. ಮಹದೇವ ಕೈಗೆ ಬಂದಿದ್ದ ಗ್ಲಾಸನ್ನು ಹಾಗೇ ಕಟ್ಟೆಯ ಮೇಲಿಟ್ಟು ಹೊರಟ. ಹಿಂದೆಯೇ ಹೋದೆ.

"ಕೇಸು ಆದಂಗಾಗ್ಲಿ ಬುಡಿ ಸಾ" ಎಂದ. "ನಾನು ಬೇಕಂತ ಅವನ ಕಾಲು ಕಳದೆ ಅನ್ನೋ ಅಂಗೆ ನೋಡ್ತಾರಲ್ಲ, ನಮ್ಮತ್ತೆ, ಸವಿತ... ಅದ ತಡೆಯಾಕಾಗಕ್ಕಿಲ್ಲ."

ಅಲ್ಲಿಂದ ನೆಟ್ಟಗೆ ಬಸ್ಸು ಹತ್ತಿ ಅವನ ಅತ್ತೆಯ ಮನೆಗೆ ಹೋದೆ. ಅತ್ತೆಯ ಹೆಸರು ದೊಡ್ಡತಾಯಮ್ಮ. ಅರವತ್ತರ ಹತ್ತಿರದ ಹೆಂಗಸು. ಹಜಾರದ ಮಂಚದ ಮೇಲೆ ಶಿವು ಗೋಡೆಗೆ ಮುಖ ಮಾಡಿ ಮಲಗಿದ್ದ. ಸವಿತ ಬಾಗಿಲ ಮರೆಯಲ್ಲಿ ನಿಂತಳು. ನಾನು ಯಾರೆಂದು ಹೇಳಿ, ಗೇರು, ವಾಟ, ಕೇಂದ್ರ, 0.83 ಎಂದೆಲ್ಲ ಒದರಿದೆ. ದೊಡ್ಡತಾಯಮ್ಮ ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡು, "ಏನಪ್ಪ ಇಂಜಿನೇರಪ್ಪ, ನೀನು ಯೋಳೋದು ಕವಣೆ ಕಲ್ಲಿನ ಕತೆ ಅಲ್ವಾ?" ಎಂದಳು.

ಕವಣೆ ಎಂದರೆ ಹೊಲದಲ್ಲಿ ಹಕ್ಕಿ ಓಡಿಸಲು ಕಲ್ಲು ಬೀಸುವ ಹಗ್ಗ. ಆಕೆ ಹುಡುಗಿಯಾಗಿದ್ದಾಗ ಅಟ್ಟಣೆಯ ಮೇಲೆ ನಿಂತು ಬೀಸಿದವಳು.

"ಬೀಸೋವಾಗ ಕಲ್ಲು ನಮ್ಮ ಕೈಯ ಎಳೀತದೆ ಅಂತಾವೆ ಐಕ್ಳು. ಕಲ್ಲಿಗೇನು ಕೈ ಅದಾ ಎಳೆಯಾಕೆ? ನಾವು ಎಳ್ಕಂಡಿರ್ತೀವಿ, ಅದಕ್ಕೇ ಅದು ಸುತ್ತದೆ. ಅಗ್ಗ ಬುಟ್ರೆ ಅದು ಅಗ್ಗದ ಉದ್ದಕ್ಕೆ ಆಚೀಕೆ ನೆಗೆಯಾಕಿಲ್ಲ. ಬುಟ್ಟ ಗಳಿಗೇಲಿ ಯಾವ ಕಡೆ ಮೊಕ ಮಾಡಿತ್ತೋ ಅತ್ಲಾಗೇ ಓಯ್ತದೆ. ನೀನು ಅಗ್ಗ ಬುಟ್ಬುಟ್ಟೆ ಅನ್ನು."

"ಹೌದಮ್ಮ" ಎಂದೆ. "ಬಿಟ್ಟವನು ನಾನು. ಮಹದೇವ ಜೋರಾಗಿ ಬಂದಿರಲಿಲ್ಲ."

ಮಂಚದ ಮೇಲೆ ಶಿವು ಹೊರಳಿದ. ಮೊದಲ ಸಲ ನನ್ನ ಕಡೆ ನೋಡಿ, "ನಾ ಅವತ್ತೇ ಯೋಳ್ದೆ ಕಣವ್ವ, ಭಾವ ನಿಧಾನಕ್ಕೇ ಬತ್ತಿದ್ದ ಅಂತ. ಭಾವನ್ನ ಉಳ್ಸಾಕೆ ಯೋಳ್ತಾವ್ನೆ ಅಂದ್ರಿ" ಎಂದ.

ದೊಡ್ಡತಾಯಮ್ಮ ನನ್ನನ್ನೇ ದಿಟ್ಟಿಸಿದಳು. "ಇದ ನನ್ನ ಮುಂದೆ ಯೋಳಿ ಕೈ ತೊಳ್ಕಂಡೀಯೋ, ಟೇಸನ್ನಾಗೂ ಯೋಳೀಯೋ?"

"ಬರೆದುಕೊಡುತ್ತೇನೆ, ಈಗಲೇ."

ಆಕೆ ಮಗಳ ಕಡೆ ತಿರುಗಿದಳು. "ಮಾದೇವಂಗೆ ಪೋನ್ ಮಾಡಮ್ಮಿ. ಶಿವೂನ ಎತ್ತಿ ಬಿಸ್ಲಿಗೆ ಕೂರುಸ್ಬೇಕು, ನಮ್ಮ ಕೈಲಾಗಕ್ಕಿಲ್ಲ, ಬಾ ಅನ್ನು." ಸವಿತ ಫೋನು ಹಿಡಿದು ಹಿತ್ತಿಲ ಕಡೆ ಓಡಿದಳು. ಆಮೇಲೆ ದೊಡ್ಡತಾಯಮ್ಮ ನನಗೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು: "ಬಂದು ಯೋಳ್ದೆ, ಒಳ್ಳೇದಾಯ್ತು. ನನ್ನ ಮಗಂದು ಕಾಲು ಕಣಪ್ಪ. ಇನ್ನು ನೀ ಓಗು. ಅವನು ಬರೋವಾಗ ನೀನಿಲ್ಲಿ ಇರೋದು ಬ್ಯಾಡ."

ಠಾಣೆಯಲ್ಲಿ ಮೂರು ಪುಟ ಬರೆದುಕೊಟ್ಟೆ, ಲೆಕ್ಕದ ಸಮೇತ. ಅತಿವೇಗದ ಆರೋಪ ಬಿದ್ದುಹೋಯಿತು. ಮಾಲೀಕರು ತಿರುವನ್ನು ಅಗೆಸಿ ನಕ್ಷೆಯಂತೆ ಒಳವಾಟ ಕೊಡಿಸಿದರು. ಆಲೆಮನೆಯ ಮುಂದೆ ಒಂದು ಚರಂಡಿಯನ್ನೂ ತೆಗೆಸಿದರು. ಮೊದಲೇ ನನಗೆ ಹೊಳೆಯಬೇಕಿದ್ದ ಪರಿಹಾರ ಅದು. ಆ ಕೆಲಸ ಮುಗಿದ ದಿನ ನನ್ನನ್ನು ನೌಕರಿಯಿಂದ ಬಿಡಿಸಿದರು. ತಪ್ಪೆನ್ನಲಾರೆ. ಚನ್ನಪ್ಪನಿಗೆ ಹೇಳಿಹೋಗಲು ನಿಂತರೆ ಅವನು ಕೊಪ್ಪರಿಗೆಯಿಂದ ತಲೆ ಎತ್ತದೆ, "ನನ್ನ ಎಸ್ರೂ ಬರ್ದ್ರಂತಲ್ಲ ಸಾ" ಎಂದ. ಅವನ ಹೆಸರು ನಾನು ಬರೆದಿರಲಿಲ್ಲ. ಬರೆದಿಲ್ಲ ಎಂದರೂ ಅವನು ನಂಬುವ ಹಾಗೆ ಕಾಣಲಿಲ್ಲ. ಬಸ್ಸಿಗೆ ನಡೆದೆ.

ಈಗ ಮಂಡ್ಯದಲ್ಲಿದ್ದೇನೆ. ಆಗೊಮ್ಮೆ ಈಗೊಮ್ಮೆ ಹೊಸ ಎಂಜಿನಿಯರುಗಳು ನಕ್ಷೆ ತೋರಿಸಲು ಬರುತ್ತಾರೆ. ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲ ಎಂದು ಅವರು ಬಾಯಿ ತೆರೆದರೆ ಅಲ್ಲೇ ತಡೆಯುತ್ತೇನೆ. ಏನಾದರೂ ದಾರಿ ತಪ್ಪಿದಾಗ ಯಾರು ತಳ್ಳಿದರು ಎಂದು ಹುಡುಕುವುದು ಸುಲಭ. ಯಾರು ಹಿಡಿದುಕೊಳ್ಳಬೇಕಿತ್ತು ಎಂದು ಮೊದಲು ಕೇಳಿ ಎನ್ನುತ್ತೇನೆ. ನಾನು ಆ ಪ್ರಶ್ನೆ ಕೇಳಿಕೊಂಡದ್ದು ತಡವಾಗಿ, ಉತ್ತರ ಗೊತ್ತಾದ ಮೇಲೂ ಒಂಬತ್ತು ದಿನ ತಡವಾಗಿ.